ಹಗೇವಿನ ಬಾಯಿಂದ ಏರುವ ಬೆಳಕು: ಫ್ಯಾಂಟಸಿ ದೃಶ್ಯದಲ್ಲಿ ಕ್ಯಾಮೆರಾ, ಲೈಟಿಂಗ್ ಬಳಸಿ ಸಸ್ಪೆನ್ಸ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಫ್ಯಾಂಟಸಿ ಕಿರುಚಿತ್ರ ಮಾಡಲು ಹೊರಟ ತಂಡಗಳಲ್ಲಿ ಮೊದಲ ಮೀಟಿಂಗಿನಲ್ಲೇ ಗ್ರಾಫಿಕ್ಸ್ ಮಾತು ಶುರುವಾಗುತ್ತದೆ. ಆ ಜೀವಿ ಹೇಗಿರಬೇಕು, ಕಣ್ಣು ಯಾವ ಬಣ್ಣ, ಮಾಡಿಕೊಡುವವರು ಯಾರು, ದುಡ್ಡೆಷ್ಟು. ಕ್ಯಾಮೆರಾ ಎಲ್ಲಿಡಬೇಕು, ಬೆಳಕು ಎಲ್ಲಿಂದ ಬರಬೇಕು ಅನ್ನುವುದು ಮಾತ್ರ ಶೂಟಿಂಗ್ ದಿನ ಲೊಕೇಶನ್ನಿನಲ್ಲಿ ನಿಂತು, ಟೀ ಕುಡಿಯುತ್ತಾ ತೀರ್ಮಾನವಾಗುತ್ತದೆ. ಜೀವಿ ತೆರೆಯ ಮೇಲೆ ಬರುವ ಮುಂಚಿನ ಎರಡು ನಿಮಿಷವನ್ನು ಕಟ್ಟುವುದು ಈ ಎರಡೇ: ಕ್ಯಾಮೆರಾ ಮತ್ತು ಬೆಳಕು. ಆ ಎರಡು ನಿಮಿಷ ಗಟ್ಟಿಯಾಗಿದ್ದರೆ ಸಾಧಾರಣ ಗ್ರಾಫಿಕ್ಸ್ ಕೂಡ ನಿಲ್ಲುತ್ತದೆ. ಅದು ಪೊಳ್ಳಾಗಿದ್ದರೆ ಎಷ್ಟೇ ದುಡ್ಡಿನ ಗ್ರಾಫಿಕ್ಸ್ ಹಾಕಿದರೂ ಜನ ನಗುತ್ತಾರೆ.

ನನ್ನ ಮಟ್ಟಿಗೆ ಇದರ ತಿರುಳು ಇಷ್ಟು. ದೃಶ್ಯದ ಬೆಳಕಿಗೆ ಒಂದು ನಿಯಮ ಕೊಡಿ. ಪ್ರೇಕ್ಷಕನಿಗೆ ಗೊತ್ತಾಗದ ಹಾಗೆ ಆ ನಿಯಮ ಕಲಿಸಿ. ಆಮೇಲೆ ಪಾತ್ರ ಬೇರೆ ಕಡೆ ನೋಡುತ್ತಿರುವಾಗ ಅದೇ ನಿಯಮ ಪ್ರೇಕ್ಷಕನಿಗೆ ಸುದ್ದಿ ಮುಟ್ಟಿಸಲಿ. ಇದನ್ನು ಬಿಡಿಬಿಡಿ ಸೂತ್ರಗಳಾಗಿ ಹೇಳುವ ಬದಲು ಒಂದೇ ದೃಶ್ಯವನ್ನು ಹಿಡಿದು ಪೂರ್ತಿ ಕಟ್ಟಿ ತೋರಿಸುತ್ತೇನೆ.

ದೃಶ್ಯ ಹೀಗಿದೆ. ಬಯಲುಸೀಮೆಯ ಹಳೆಯ ತೊಟ್ಟಿಮನೆ, ರಾತ್ರಿ. ಜಗಲಿಯ ಮೂಲೆಯಲ್ಲಿ ಹಿಂದೆ ರಾಗಿ ತುಂಬಿಡುತ್ತಿದ್ದ ಹಗೇವು, ಅಂದರೆ ನೆಲದಡಿಯ ಕಣಜ. ಅದರ ಬಾಯಿ ಎರಡಡಿ ಅಗಲ, ಮೇಲೆ ಅಟ್ಟದ ಹಲಗೆಗಳು. ಬಹಳ ದಿನ ಮುಚ್ಚಿದ್ದ ಹಗೇವಿನಲ್ಲಿ ಕೆಟ್ಟ ಗಾಳಿ ಇರುತ್ತದೆ, ಇಳಿಯುವ ಮುಂಚೆ ದೀಪ ಬಿಟ್ಟು ನೋಡಬೇಕು ಎಂದು ಹಳ್ಳಿಯಲ್ಲಿ ಹಿರಿಯರು ಹೇಳುತ್ತಿದ್ದರು. ದೀಪ ಆರಿದರೆ ಇಳಿಯಬಾರದು. ಹುಡುಗಿಯೊಬ್ಬಳು ಲಾಟೀನಿಗೆ ಹಗ್ಗ ಕಟ್ಟಿ ಒಳಗೆ ಇಳಿಬಿಡುತ್ತಾಳೆ. ದೀಪ ಆರುವುದಿಲ್ಲ. ಹಗ್ಗವನ್ನು ಕಂಬಕ್ಕೆ ಕಟ್ಟಲು ಅವಳು ಬೆನ್ನು ತಿರುಗಿಸುತ್ತಾಳೆ. ಹಗ್ಗ ಅಲುಗಿಲ್ಲ, ಆದರೆ ದೀಪ ಮೇಲಕ್ಕೆ ಬರುತ್ತಿದೆ.

ಹೆಜ್ಜೆ 1: ಯಾರಿಗೆ ಏನು ಗೊತ್ತು, ಬರೆದಿಡಿ

ಶಾಟ್ ಡಿವಿಷನ್ ಮಾಡುವ ಮೊದಲು ಒಂದು ಹಾಳೆಯಲ್ಲಿ ಮೂರು ಸಾಲು ಎಳೆಯಿರಿ. ಮೊದಲನೆಯದರಲ್ಲಿ ಹುಡುಗಿಗೆ ಏನು ಗೊತ್ತು, ಎರಡನೆಯದರಲ್ಲಿ ಪ್ರೇಕ್ಷಕನಿಗೆ ಏನು ಗೊತ್ತು, ಮೂರನೆಯದರಲ್ಲಿ ಆ ಹೊತ್ತಿಗೆ ಬೆಳಕು ಏನು ಮಾಡುತ್ತಿದೆ. ಮೊದಲ ಎರಡು ಸಾಲು ಒಂದೇ ಆಗಿರುವ ತನಕ ಕುತೂಹಲ ಇರುತ್ತದೆ. ಎರಡನೆಯದು ಮುಂದೆ ಹೋದ ಕ್ಷಣ ಸಸ್ಪೆನ್ಸ್ ಹುಟ್ಟುತ್ತದೆ. ನಮ್ಮ ದೃಶ್ಯದಲ್ಲಿ ಆ ಕ್ಷಣ ಹಗ್ಗ ಕಟ್ಟುವ ಶಾಟ್. ಉಳಿದ ಶಾಟ್‌ಗಳೆಲ್ಲ ಆ ಒಂದು ಶಾಟಿಗಾಗಿ ದುಡಿಯಬೇಕು. ದುಡಿಯದ ಶಾಟ್ ಎಷ್ಟೇ ಚೆಂದ ಇರಲಿ, ತೆಗೆದುಹಾಕಿ. ತೊಟ್ಟಿಮನೆ ಸಿಕ್ಕಿತು ಅಂತ ಡ್ರೋನ್ ಹಾರಿಸುವುದು ಬೇಡ. ಆಕಾಶದಿಂದ ಮನೆ ನೋಡಿದವನಿಗೆ ಕತ್ತಲಲ್ಲಿ ಸಿಕ್ಕಿಕೊಂಡ ಭಾವ ಬರುವುದಿಲ್ಲ.

ಇನ್ನೊಂದು ಮಾತು. ಹಾರರ್ ದೃಶ್ಯದಲ್ಲಿ ಪ್ರೇಕ್ಷಕನಿಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿದರೆ ಸಾಕು. ಫ್ಯಾಂಟಸಿಯಲ್ಲಿ ಓಡಬೇಕು ಅನ್ನಿಸುತ್ತಲೇ ನೋಡಿಬಿಡಬೇಕು ಅಂತಲೂ ಅನ್ನಿಸಬೇಕು. ಹಾಗಾಗಿ ಅಪಾಯ ಬರುವ ದಿಕ್ಕಿನಿಂದಲೇ ದೃಶ್ಯದ ಅತ್ಯಂತ ಸುಂದರ ಬೆಳಕು ಬರಲಿ. ಗಿಯೆರ್ಮೊ ಡೆಲ್ ಟೊರೊ ನಿರ್ದೇಶನದ, 2006ರ ‘ಪ್ಯಾನ್ಸ್ ಲ್ಯಾಬಿರಿಂತ್’ ಚಿತ್ರದಲ್ಲಿ ಸೈನಿಕರ ನಿಜಲೋಕ ತಣ್ಣಗೆ ನೀಲಿಯಾಗಿದೆ, ಮಾಯಾಲೋಕ ಬೆಚ್ಚಗೆ ಹೊಂಬಣ್ಣ, ಕೆಂಪುಗಳಲ್ಲಿದೆ. ಅಲ್ಲಿ ಭಯಾನಕ ಜೀವಿ ಕೂತಿರುವುದು ಬೆಚ್ಚನೆಯ ಬೆಳಕಿನ ಕೋಣೆಯಲ್ಲೇ. ಆ ಚಿತ್ರಕ್ಕೆ ಗಿಯೆರ್ಮೊ ನವಾರೊ ಅವರಿಗೆ ಛಾಯಾಗ್ರಹಣದ ಆಸ್ಕರ್ ಬಂತು.

ಹೆಜ್ಜೆ 2: ಜಾಗದ ನಕ್ಷೆ ಪ್ರೇಕ್ಷಕನ ತಲೆಯಲ್ಲಿ ಕೂರಲಿ

ಬಾಗಿಲು ಎಲ್ಲಿ, ಹಗೇವು ಎಲ್ಲಿ, ಕಂಬ ಎಲ್ಲಿ ಅನ್ನುವುದು ಗೊತ್ತಿಲ್ಲದ ಪ್ರೇಕ್ಷಕ ಗಲಿಬಿಲಿಯಾಗುತ್ತಾನೆಯೇ ಹೊರತು ಹೆದರುವುದಿಲ್ಲ. ಮೊದಲ ವೈಡ್ ಶಾಟ್‌ನಲ್ಲಿ ಮೂರನ್ನೂ ಒಂದೇ ಫ್ರೇಮಿನಲ್ಲಿ ತೋರಿಸಿ. ಕ್ಯಾಮೆರಾ ತೊಟ್ಟಿಯ ಆಚೆ ಬದಿಯಲ್ಲಿರಲಿ, ಮುಂದುಗಡೆ ಒಂದು ಕಂಬದ ಅಂಚು ಮಸುಕಾಗಿ ಬರಲಿ. 85 ಎಂಎಂ ಲೆನ್ಸ್ ಹಾಕಿದರೆ ದೂರದಿಂದ ಯಾರೋ ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದಾರೆ ಅನ್ನಿಸುತ್ತದೆ, ಆದರೆ ಜಾಗ ಪೂರ್ತಿ ಕಾಣುವುದಿಲ್ಲ. ನಾನು 50 ಎಂಎಂ ಆರಿಸುತ್ತೇನೆ. ಯಾರೋ ನೋಡುತ್ತಿರುವ ಭಾವವನ್ನು ಕಂಬವೇ ಕೊಡುತ್ತದೆ, ನಕ್ಷೆಯೂ ಉಳಿಯುತ್ತದೆ.

ಹೆಜ್ಜೆ 3: ಚಂದ್ರನನ್ನು ಮಾಳಿಗೆಗೆ ಹತ್ತಿಸಿ

ತೊಟ್ಟಿಮನೆಯ ದೊಡ್ಡ ಅನುಕೂಲ ಎಂದರೆ ಬೆಳಕು ಮೇಲಿನಿಂದ ಬೀಳಲು ಕಾರಣ ಬೇಕಿಲ್ಲ, ಆಕಾಶವೇ ಇದೆ. ಚಂದ್ರ ಬಹು ದೂರದ ಪುಟ್ಟ ದೀಪ, ಆದ್ದರಿಂದ ಬೆಳದಿಂಗಳಿನ ನೆರಳಿಗೆ ಅಂಚು ಚೂಪಾಗಿರುತ್ತದೆ. ಒಂದು ಎಲ್‌ಇಡಿ ಸ್ಪಾಟ್ ಲೈಟನ್ನು ಸಾಫ್ಟ್ ಬಾಕ್ಸ್ ಇಲ್ಲದೆ ಮಾಳಿಗೆಯ ಮೇಲೆ ಸಾಧ್ಯವಾದಷ್ಟು ದೂರ ಇಡಿ. ಹತ್ತಿರ ಇಟ್ಟರೆ ಕಂಬಗಳ ನೆರಳುಗಳು ಬೀಸಣಿಗೆಯಂತೆ ಹರಡಿಕೊಂಡು ಲೈಟು ಎಲ್ಲಿದೆ ಅಂತ ಹೇಳಿಬಿಡುತ್ತವೆ. ಈ ಬೆಳಕು ತೊಟ್ಟಿಯ ಕಲ್ಲಿಗೆ, ಜಗಲಿಯ ಅಂಚಿಗೆ, ಒಂದು ಕಂಬದ ಪಕ್ಕಕ್ಕೆ ಮಾತ್ರ ತಾಗಲಿ. ಅಟ್ಟದ ಹಲಗೆಗಳ ಮೇಲೆ ಒಂದು ಹನಿಯೂ ಬೀಳಬಾರದು. ಕಪ್ಪು ಬಟ್ಟೆ ಕಟ್ಟಿ ತಡೆಯಿರಿ. ದೃಶ್ಯದ ಮುಖ್ಯ ಆಟ ನಡೆಯುವುದು ಆ ಹಲಗೆಗಳ ಮೇಲೆ.

ಕತ್ತಲು ಪೂರಾ ಇಂಗಾಲದಂತಾದರೆ ಪ್ರೇಕ್ಷಕನಿಗೆ ಹುಡುಕಲು ಏನೂ ಉಳಿಯುವುದಿಲ್ಲ, ಒಂದಿಷ್ಟು ಮೇಲ್ಗಡೆಯ ಮಂದ ಬೆಳಕು ಬೇಕು. ಇದಕ್ಕೆ ನಮ್ಮ ದೇಶದ್ದೇ ಒಂದು ಪಾಠ ಇದೆ. ಸತ್ಯಜಿತ್ ರೇ ಅವರ 1956ರ ‘ಅಪರಾಜಿತೋ’ ಚಿತ್ರಕ್ಕೆ ಬನಾರಸಿನ ಮನೆಯೊಂದರ ಒಳಾಂಗಣವನ್ನು ಸ್ಟುಡಿಯೋ ಒಳಗೆ ಕಟ್ಟಬೇಕಾಗಿ ಬಂದಾಗ, ಛಾಯಾಗ್ರಾಹಕ ಸುಬ್ರತ ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆಯನ್ನು ಆಕಾಶದ ತುಂಡಿನಂತೆ ಹರಡಿ, ಕೆಳಗಿನಿಂದ ಅದಕ್ಕೆ ಲೈಟು ಹೊಡೆದು, ತಿರುಗಿ ಬೀಳುವ ಬೆಳಕಿನಲ್ಲಿ ಚಿತ್ರೀಕರಿಸಿದರು. ಅವರದ್ದು ಹಗಲು, ನಮ್ಮದು ರಾತ್ರಿ. ವಿಧಾನ ಅದೇ, ಪ್ರಮಾಣ ಮಾತ್ರ ತೀರಾ ಕಡಿಮೆ. ತೊಟ್ಟಿಯ ಬಾಯಿಗೆ ಬಿಳಿ ಪಂಚೆ ಅಥವಾ ಥರ್ಮೋಕೋಲ್ ಹಿಡಿದು, ಸಣ್ಣ ಪ್ಯಾನೆಲ್‌ನಿಂದ ಬೌನ್ಸ್ ಮಾಡಿ, ಅದು ಚಂದ್ರನಿಗಿಂತ ಮೂರು ಸ್ಟಾಪ್ ಕೆಳಗಿರಲಿ. ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಮೂರು ಸ್ಟಾಪ್ ಅಂದರೆ 8ಕ್ಕೆ 1ರ ಅನುಪಾತ.

ಬಣ್ಣದ ವಿಷಯದಲ್ಲಿ ಕೈ ಹಿಡಿತ ಬೇಕು. ಬೆಳದಿಂಗಳು ಎಂದ ಕೂಡಲೇ ಗಾಢ ನೀಲಿ ಸುರಿಯುವ ಅಭ್ಯಾಸ ನಮ್ಮ ಸೀರಿಯಲ್‌ಗಳಲ್ಲಿದೆ, ಅದು ಇಲ್ಲಿ ಬೇಡವೇ ಬೇಡ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಸಂಖ್ಯೆ ಏರಿದಷ್ಟೂ ನೀಲಿ, ಇಳಿದಷ್ಟೂ ಕೆಂಪು. ಕ್ಯಾಮೆರಾ ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್‌ಗೆ ಇಟ್ಟು, ಚಂದ್ರನ ಲೈಟನ್ನು 5600ರ ಬದಲು 4300ರ ಆಸುಪಾಸಿಗೆ ಇಳಿಸಿ. ನೀಲಿ ಇದ್ದೂ ಇಲ್ಲದಂತಿರುತ್ತದೆ, ಎಣ್ಣೆದೀಪದ ಕೆಂಪು ಅದರ ಎದುರು ತಾನಾಗಿ ಬೆಚ್ಚಗೆ ಕಾಣುತ್ತದೆ.

ಹೆಜ್ಜೆ 4: ಲಾಟೀನು ಹುಡುಗಿಯ ಕೈಯಲ್ಲಿರುವ ಡಿಮ್ಮರ್

ನಿಜವಾದ ದೀಪದಲ್ಲೇ ಶೂಟ್ ಮಾಡೋಣ ಎಂಬ ಆಸೆ ಎಲ್ಲರಿಗೂ ಇರುತ್ತದೆ. ಲೆಕ್ಕ ಹಾಕಿ ನೋಡಿ. ಒಂದೇ ಬತ್ತಿಯ ಜ್ವಾಲೆ ಒಂದಡಿ ದೂರದಲ್ಲಿ ಕೊಡುವ ಬೆಳಕು ಸುಮಾರು 10 ಲಕ್ಸ್. ಐಎಸ್‌ಒ 800, ಲೆನ್ಸ್ ಟಿ2 (ಲೆನ್ಸ್ ಎಷ್ಟು ಬೆಳಕು ಬಿಡುತ್ತದೆ ಅನ್ನುವ ಅಳತೆ), ಶಟರ್ ಸೆಕೆಂಡಿನ 1/50ರಲ್ಲಿ ಮುಖಕ್ಕೆ ಸರಿಯಾದ ಎಕ್ಸ್‌ಪೋಶರ್ ಬೇಕೆಂದರೆ ಅದು ಎರಡೂವರೆ ಸ್ಟಾಪ್ ಕಡಿಮೆ. ಹಾಗಾಗಿ ಲಾಟೀನಿನ ಗಾಜಿನೊಳಗೆ, ಕ್ಯಾಮೆರಾಗೆ ಕಾಣದ ಬದಿಯಲ್ಲಿ, ಬ್ಯಾಟರಿಯ ಪುಟ್ಟ ಬಲ್ಬ್ ಅಡಗಿಸಿ. ಅಂಗಡಿಯಲ್ಲಿ ಸಿಗುವ ವಾರ್ಮ್ ಬಲ್ಬ್ 2700 ಕೆಲ್ವಿನ್, ಎಣ್ಣೆದೀಪದ ಬಣ್ಣ 1900ರ ಹತ್ತಿರ. ಮೇಲೊಂದು ಆರೆಂಜ್ ಜೆಲ್ (ಲೈಟಿಗೆ ಹಾಕುವ ಬಣ್ಣದ ಪಾರದರ್ಶಕ ಹಾಳೆ) ಸುತ್ತಿದರೆ ಅಂತರ ಮುಚ್ಚಿಹೋಗುತ್ತದೆ.

ಇನ್ನು ದೂರದ ಆಟ. ದೀಪದಿಂದ ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ಎರಡು ಸ್ಟಾಪ್. ಹುಡುಗಿ ಲಾಟೀನನ್ನು ಮುಖದಿಂದ ಒಂದಡಿಗೆ ಹಿಡಿದಿದ್ದರೆ, ದೀಪದಿಂದ ಎಂಟು ಅಡಿ ಹಿಂದಿನ ಗೋಡೆಗೆ ಬೀಳುವುದು 64ರಲ್ಲಿ ಒಂದು ಪಾಲು, ಆರು ಸ್ಟಾಪ್ ಕೆಳಗೆ. ಗೋಡೆ ಇಲ್ಲವೇ ಇಲ್ಲ. ಅವಳು ಕತ್ತಲಲ್ಲಿ ಏನಿದೆ ಎಂದು ನೋಡಲು ತೋಳು ಚಾಚಿ ದೀಪವನ್ನು ಎರಡಡಿ ಮುಂದಕ್ಕೆ ಒಯ್ದಳು ಅನ್ನಿ. ಎದುರಿನ ವಸ್ತು ಬೆಳಗುತ್ತದೆ, ಅವಳ ಮುಖ ಮಬ್ಬಾಗುತ್ತದೆ. ನೋಡಬೇಕಾದರೆ ತನ್ನ ಮೇಲಿನ ಬೆಳಕನ್ನು ಬಿಟ್ಟುಕೊಡಬೇಕು. ಈ ಒಂದು ಚಲನೆಯಲ್ಲಿ ಕುತೂಹಲವೂ ಭಯವೂ ಒಟ್ಟಿಗೆ ಇವೆ. ಅದಕ್ಕೇ ನಟಿಗೆ ಸಂಭಾಷಣೆಗಿಂತ ಮುಂಚೆ ಲಾಟೀನು ಹಿಡಿದು ಅಭ್ಯಾಸ ಮಾಡಿಸಿ. ಮೊಣಕೈ ಎಷ್ಟು ಮಡಿಸಿದರೆ ಮುಖ ಎಷ್ಟು ಕಾಣುತ್ತದೆ ಅನ್ನುವುದು ಅವಳ ಮೈಗೆ ಗೊತ್ತಿರಲಿ. ಮಾನಿಟರ್ ತೋರಿಸಿ ಕಲಿಸಿದರೆ ಅರ್ಧ ಗಂಟೆಯ ಕೆಲಸ.

ಹಗ್ಗದಲ್ಲಿ ಇಳಿಸುವಾಗಲೂ ಇದೇ ನಡೆಯುತ್ತದೆ. ದೀಪ ಮುಖದಿಂದ ಎರಡಡಿ ಇದ್ದದ್ದು ಎಂಟಡಿಗೆ ಹೋದರೆ ಮುಖದ ಮೇಲಿನ ಬೆಳಕು 16ರಲ್ಲಿ ಒಂದಾಗುತ್ತದೆ, ನಾಲ್ಕು ಸ್ಟಾಪ್. ಕೆಳಗಿನಿಂದ ಬೀಳುವ ಬೆಳಕು ಮುಖವನ್ನು ಅಪರಿಚಿತ ಮಾಡುತ್ತದೆ, ಗಲ್ಲದ ಕೆಳಗೆ ಹೊಳಪು, ಕಣ್ಣಿನ ಮೇಲೆ ನೆರಳು. ಅದು ನಿಧಾನಕ್ಕೆ ಕರಗಿ, ಕೊನೆಗೆ ಕೆನ್ನೆಯ ಒಂದು ಬದಿಯಲ್ಲಿ ಬೆಳದಿಂಗಳು ಮಾತ್ರ ಉಳಿಯುತ್ತದೆ. ಈ ಶಾಟ್ ಕತ್ತರಿಸಬೇಡಿ. ಹಗ್ಗ ಇಳಿದು ಮುಗಿಯುವ ತನಕ 50 ಎಂಎಂ ಕ್ಲೋಸಪ್ ಹಾಗೇ ನಿಂತಿರಲಿ.

ಹೆಜ್ಜೆ 5: ಚಾವಣಿಯ ವೃತ್ತ

ಈಗ ನಿಯಮಕ್ಕೆ ಬರೋಣ. ಹಗೇವಿನೊಳಗಿನ ದೀಪದ ಬೆಳಕು ದುಂಡನೆಯ ಬಾಯಿಂದ ಹೊರಬಿದ್ದು ಅಟ್ಟದ ಹಲಗೆಯ ಮೇಲೆ ಒಂದು ವೃತ್ತವಾಗುತ್ತದೆ. ದೀಪ ಆಳಕ್ಕೆ ಹೋದಷ್ಟೂ ವೃತ್ತ ಚಿಕ್ಕದು, ಮೇಲೆ ಬಂದಷ್ಟೂ ದೊಡ್ಡದು. ಬಾಯಿ ಎರಡಡಿ, ಚಾವಣಿ ಅಲ್ಲಿಂದ ಒಂಬತ್ತಡಿ ಎತ್ತರ ಎಂದಿಟ್ಟುಕೊಳ್ಳಿ. ದೀಪ ಒಂಬತ್ತಡಿ ಆಳದಲ್ಲಿದ್ದರೆ ವೃತ್ತದ ಅಗಲ 4 ಅಡಿ. ಮೂರಡಿಗೆ ಬಂದರೆ 8 ಅಡಿ. ಬಾಯಿಂದ ಒಂದೇ ಅಡಿ ಕೆಳಗಿದ್ದರೆ 20 ಅಡಿ, ಅಂದರೆ ಇಡೀ ಚಾವಣಿ.

ಹುಡುಗಿ ದೀಪ ಇಳಿಸಲು ತೊಡಗಿದಾಗ, ಹೆಜ್ಜೆ 4ರ ಕ್ಲೋಸಪ್‌ಗೆ ಮುಂಚಿನ ಒಂದು ಶಾಟ್‌ನಲ್ಲಿ ಈ ವೃತ್ತ ಸಣ್ಣದಾಗುವುದು ಕಾಣಬೇಕು. ವೃತ್ತಕ್ಕೆಂದೇ ಕ್ಲೋಸಪ್ ಹಾಕಬೇಡಿ. ಹಾಕಿದರೆ ನಿರ್ದೇಶಕ ಏನೋ ಹೇಳುತ್ತಿದ್ದಾನೆ ಅಂತ ಪ್ರೇಕ್ಷಕ ಎಚ್ಚರಗೊಳ್ಳುತ್ತಾನೆ. ಹುಡುಗಿ ಬಗ್ಗಿ ಹಗ್ಗ ಬಿಡುತ್ತಿರುವ ಮಿಡ್ ವೈಡ್ ಶಾಟ್‌ನಲ್ಲಿ ಚಾವಣಿಯೂ ಸೇರಿಕೊಂಡಿರಲಿ, ಅವಳ ತಲೆಯ ದೊಡ್ಡ ನೆರಳು ವೃತ್ತದೊಳಗೆ ಆಡುತ್ತಿರಲಿ. ನೆರಳು ಚೆಂದ ಅಂತ ಕಣ್ಣು ಅಲ್ಲಿಗೆ ಹೋಗುತ್ತದೆ, ನಿಯಮ ತಾನಾಗಿ ಒಳಗೆ ಇಳಿಯುತ್ತದೆ.

ಸಣ್ಣ ಬಜೆಟ್ಟಿಗೆ ಇದು ಹೇಳಿ ಮಾಡಿಸಿದ ದಾರಿ. 1942ರ ‘ಕ್ಯಾಟ್ ಪೀಪಲ್’ ಚಿತ್ರದಲ್ಲಿ ನಿರ್ದೇಶಕ ಜಾಕ್ ಟೂರ್ನರ್, ಛಾಯಾಗ್ರಾಹಕ ನಿಕೊಲಸ್ ಮುಸುರಾಕಾ ಕತ್ತಲ ಈಜುಕೊಳದ ದೃಶ್ಯವನ್ನು ಗೋಡೆ, ಚಾವಣಿಗಳ ಮೇಲೆ ಅಲುಗುವ ನೀರಿನ ಬೆಳಕಿನಲ್ಲಿ, ನೆರಳಿನಲ್ಲಿ, ಗುರುಗುಟ್ಟುವ ಸದ್ದಿನಲ್ಲಿ ಕಟ್ಟಿದರು. ಕಡಿಮೆ ದುಡ್ಡಿನ ಚಿತ್ರ ಅದು. ಆ ದೃಶ್ಯ ಮೃಗವನ್ನು ತೋರಿಸದೆಯೇ ಕೆಲಸ ಮುಗಿಸಿತು.

ವೃತ್ತ ಮಾಡುವ ವಿಧಾನ ಹೀಗೆ. ನಿಜವಾದ ಹಗೇವು ಬೇಡ, ಯಾರನ್ನೂ ಅದರ ಬಳಿ ಬಿಡಬೇಡಿ. ಹಗೇವಿನ ಬಾಯಿಯನ್ನು ಮಣ್ಣು ಮೆತ್ತಿದ ಪ್ಲೈವುಡ್ ಬಳೆಯಾಗಿ ಮಾಡಿ ಜಗಲಿಯ ಅಂಚಿನಲ್ಲಿ ಕೂರಿಸಿ. ಜಗಲಿ ಅಂಗಳಕ್ಕಿಂತ ಎತ್ತರ ಇರುವುದರಿಂದ ಕೆಳಗೆ ಬಲ್ಬ್ ಓಡಾಡಲು ಒಂದಷ್ಟು ಜಾಗ ಸಿಗುತ್ತದೆ. ಬಾಯಿ ಫ್ರೇಮಿನಲ್ಲಿ ಕಾಣದ ಶಾಟ್‌ಗಳಿಗೆ ಇನ್ನೂ ಸುಲಭ. ದಪ್ಪ ರಟ್ಟಿನಲ್ಲಿ ಅರ್ಧ ಅಡಿಯ ದುಂಡು ತೂತು ಕೊರೆದು, ಚಾವಣಿಯಿಂದ ಏಳಡಿ ಕೆಳಗೆ ಒಂದು ಸ್ಟೂಲಿನ ಮೇಲೆ ಅಡ್ಡ ಇಡಿ. ಕೆಳಗೆ ಒಂದಡಿ ದೂರದಲ್ಲಿ ಬಲ್ಬ್ ಇದ್ದರೆ ಚಾವಣಿಯಲ್ಲಿ 4 ಅಡಿಯ ವೃತ್ತ. ಅದನ್ನು ಮೂರು ಇಂಚಿಗೆ ಎತ್ತಿದರೆ ಹದಿನಾಲ್ಕೂವರೆ ಅಡಿ. ಕೋಲಿನ ತುದಿಗೆ ಕಟ್ಟಿದ ಬಲ್ಬನ್ನು ಒಬ್ಬರು ಕೂತು ಒಂಬತ್ತು ಇಂಚು ಎತ್ತಿದರೆ ಮುಗಿಯಿತು. ಬಲ್ಬ್ ಚಿಕ್ಕದಿರಬೇಕು, ಪಾರದರ್ಶಕ ಗಾಜಿನದಿರಬೇಕು. ಬಿಳಿ ಗಾಜಿನ ಬಲ್ಬ್, ಪ್ಯಾನೆಲ್ ಲೈಟು ಬಳಸಿದರೆ ವೃತ್ತದ ಅಂಚು ಕರಗಿ ಬರೀ ಮಬ್ಬು ಬೆಳಕಾಗುತ್ತದೆ. ಚೂಪು ಅಂಚಿಲ್ಲದೆ ಮುಂದಿನ ಹೆಜ್ಜೆ ನಡೆಯುವುದಿಲ್ಲ.

ಹೆಜ್ಜೆ 6: ಹಗ್ಗ ಕಟ್ಟುವ ಶಾಟ್

ಇಡೀ ದಿನದ ಅರ್ಧ ಸಮಯ ಇದಕ್ಕೇ ಇಡಿ. ಹುಡುಗಿ ಹಗೇವಿನಿಂದ ನಾಲ್ಕಡಿ ಆಚೆ, ಕಂಬಕ್ಕೆ ಮುಖ ಮಾಡಿ ಹಗ್ಗ ಸುತ್ತುತ್ತಿದ್ದಾಳೆ. ಕ್ಯಾಮೆರಾ ಕಂಬದ ಪಕ್ಕಕ್ಕೆ, ಅವಳಿಂದ ಆರಡಿ ಮುಂದೆ, ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ, ಸ್ವಲ್ಪ ಮೇಲಕ್ಕೆ ನೋಡುತ್ತಿದೆ. ಲೆನ್ಸ್ 24 ಎಂಎಂ. ಲೋ ಆಂಗಲ್ ಎಂದರೆ ಪಾತ್ರ ದೊಡ್ಡದಾಗಿ ಕಾಣಲಿ ಅಂತ ಬಳಸುವುದು ರೂಢಿ. ಇಲ್ಲಿ ಅದರ ಉದ್ದೇಶ ಬೇರೆ, ಸೊಂಟದಿಂದ ಮೇಲಿನ ಹುಡುಗಿಯೂ ಅವಳ ಹಿಂದಿನ ಚಾವಣಿಯೂ ಒಂದೇ ಫ್ರೇಮಿಗೆ ಬರಬೇಕು. 50 ಎಂಎಂ ಹಾಕಿದರೆ ವೃತ್ತ ಹೊರಗೆ ಹೋಗುತ್ತದೆ.

ಟ್ರ್ಯಾಕ್ ಇಲ್ಲ, ಗಿಂಬಲ್ ಇಲ್ಲ. ಕ್ಯಾಮೆರಾ ಅಲುಗಬಾರದು. ಕ್ಯಾಮೆರಾ ಅಲುಗಿದರೆ ವೃತ್ತ ಅಲುಗಿತೋ ಕ್ಯಾಮೆರಾ ಅಲುಗಿತೋ ಎಂಬ ಅನುಮಾನ ಬರುತ್ತದೆ. ಆ ಅನುಮಾನ ಕಥೆಯ ಒಳಗಿನದ್ದಲ್ಲ.

ಮೊದಲ ಐದು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ವೃತ್ತ ಬೆಳೆಯಲು ತೊಡಗುತ್ತದೆ, ಎಷ್ಟು ನಿಧಾನ ಎಂದರೆ ನೋಡುತ್ತಾ ಕೂತವನಿಗೆ ಗೊತ್ತಾಗುವುದಿಲ್ಲ, ರೆಪ್ಪೆ ಮುಚ್ಚಿ ತೆರೆದವನಿಗೆ ಗೊತ್ತಾಗುತ್ತದೆ. ಫೋಕಸ್ ಹುಡುಗಿಯ ಕೈಮೇಲೆಯೇ ಇರಲಿ. ಚಾವಣಿಗೆ ಫೋಕಸ್ ಬದಲಿಸುವ ಆಸೆ ಬಂದೇ ಬರುತ್ತದೆ, ತಡೆದುಕೊಳ್ಳಿ.

ಇಲ್ಲಿ ಬೆಳಕಿನ ಜ್ಯಾಮಿತಿ ನಮಗೊಂದು ಉಡುಗೊರೆ ಕೊಡುತ್ತದೆ. ದೀಪ ಆಳದಲ್ಲಿರುವ ತನಕ ಬೆಳಕು ಬಾಯಿಂದ ನೇರ ಮೇಲಕ್ಕೆ ಹೋಗುತ್ತದೆ, ನಾಲ್ಕಡಿ ಆಚೆ ನಿಂತವಳಿಗೆ ತಾಗುವುದೇ ಇಲ್ಲ. ಐದಡಿ ಎತ್ತರದ ಹುಡುಗಿ ಎಂದುಕೊಂಡರೆ, ದೀಪ ಬಾಯಿಗೆ 20 ಇಂಚು ದೂರ ಬಂದಾಗ ಬೆಳಕು ಅವಳ ನೆತ್ತಿಯ ಕೂದಲಿಗೆ ತಾಗುತ್ತದೆ. 18 ಇಂಚಿಗೆ ಬಂದಾಗ ಕುತ್ತಿಗೆ, ಹೆಗಲು. 12 ಇಂಚಿಗೆ ಬಂದಾಗ ಸೊಂಟ. ಅಂದರೆ ಬೆಳಕಿನ ಗೆರೆ ಅವಳ ಬೆನ್ನಮೇಲೆ ತಲೆಯಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ, ಎದುರಿನಿಂದ ನೋಡುವ ನಮಗೆ ಕೂದಲಿನ ಅಂಚು, ಆಮೇಲೆ ಹೆಗಲಿನ ಅಂಚು ಹೊಂಬಣ್ಣಕ್ಕೆ ತಿರುಗುವುದು ಕಾಣುತ್ತದೆ. ಅವಳಿಗೆ ಕಾಣುವುದಿಲ್ಲ. ಪ್ರೇಕ್ಷಕ ಇನ್ನು ಬೆಳಕನ್ನು ಅಳತೆಗೋಲಿನ ಹಾಗೆ ಓದುತ್ತಾನೆ.

ರಟ್ಟಿನ ಸೆಟಪ್‌ನಲ್ಲಿ ಈ ಬ್ಯಾಕ್ ಲೈಟ್ ತಾನಾಗಿ ಸರಿಯಾಗಿ ಬರುವುದಿಲ್ಲ, ಬೇರೆ ಬಲ್ಬ್ ಬೇಕು. ಅವಳ ಹಿಂದೆ ನೆಲದ ಹತ್ತಿರ ಅದೇ ಬಣ್ಣದ ಇನ್ನೊಂದು ಪುಟ್ಟ ಲೈಟು ಇಟ್ಟು, ಅದರ ಮುಂದೆ ನೆಟ್ಟಗೆ ಒಂದು ರಟ್ಟು ಹಿಡಿಯಿರಿ. ರಟ್ಟನ್ನು ನಿಧಾನಕ್ಕೆ ಕೆಳಗಿಳಿಸಿದರೆ ಬೆಳಕಿನ ಗೆರೆ ತಲೆಯಿಂದ ಸೊಂಟಕ್ಕೆ ಇಳಿಯುತ್ತದೆ. ಬಲ್ಬ್ ಎತ್ತುವವರು, ರಟ್ಟು ಇಳಿಸುವವರು ಇಬ್ಬರೂ ಒಬ್ಬರ ಎಣಿಕೆಗೇ ಕೆಲಸ ಮಾಡಬೇಕು. ಒಬ್ಬರು ಮೆತ್ತಗೆ ಒಂದರಿಂದ ಇಪ್ಪತ್ತು ಎಣಿಸಲಿ. ಹನ್ನೆರಡಕ್ಕೆ ಕೂದಲು, ಇಪ್ಪತ್ತಕ್ಕೆ ಸೊಂಟ. ಸದ್ದು ಆಮೇಲೆ ಡಬ್ಬಿಂಗ್‌ನಲ್ಲಿ ಹಾಕಿಕೊಳ್ಳಬಹುದು.

ವೃತ್ತ ಬೆಳೆದಂತೆ ತೀರಾ ಪ್ರಕಾಶಮಾನ ಆಗಬಾರದು. ನಿಜ ಜೀವನದಲ್ಲಿ ದೀಪ ಚಾವಣಿಯಿಂದ 18 ಅಡಿ ಇದ್ದದ್ದು 10 ಅಡಿಗೆ ಬಂದರೆ ಬೆಳಕು ಮೂರು ಪಟ್ಟು ಹೆಚ್ಚುತ್ತದೆ, ಎರಡು ಸ್ಟಾಪಿಗೂ ಕಡಿಮೆ. ಅಷ್ಟನ್ನು ಡಿಮ್ಮರಿನಲ್ಲಿ ಕೊಡಿ, ಹೆಚ್ಚು ಬೇಡ.

ಹೆಜ್ಜೆ 7: ಚಲನೆ ಎಲ್ಲಿ, ಎಷ್ಟು

ಆ ಶಾಟ್ ಸ್ಥಿರವಾಗಿ ನಿಲ್ಲಬೇಕಾದರೆ ಅದರ ಹಿಂದಿನ ಶಾಟ್‌ಗಳಲ್ಲಿ ಚಲನೆ ಇರಬೇಕು. ಹುಡುಗಿ ನಡೆದು ಬರುವಾಗ 35 ಎಂಎಂನಲ್ಲಿ ಅವಳ ಮುಂದೆ ಹಿಮ್ಮುಖವಾಗಿ ಸಾಗುವ ಕ್ಯಾಮೆರಾ ಇಡಿ. ಮುಖ ಕಾಣುತ್ತದೆ, ಅವಳು ಎಲ್ಲಿಗೆ ಹೋಗುತ್ತಿದ್ದಾಳೆ ಅನ್ನುವುದು ಕಾಣುವುದಿಲ್ಲ. ಅವಳು ಹಗೇವಿನ ಎದುರು ನಿಂತಾಗ ಕ್ಯಾಮೆರಾ ತಕ್ಷಣ ನಿಲ್ಲದೆ ಇನ್ನೊಂದು ಅಡಿ ಹಿಂದೆ ಸರಿದು ನಿಲ್ಲಲಿ. ಆ ಒಂದಡಿಯಲ್ಲಿ ಅವಳ ಸುತ್ತ ಖಾಲಿ ಜಾಗ ತೆರೆದುಕೊಳ್ಳುತ್ತದೆ. ಪಾತ್ರ ನಿಂತ ಮೇಲೂ ಸಾಗುವ ಕ್ಯಾಮೆರಾಗೆ ಸ್ವಂತ ಮನಸ್ಸಿದೆ ಅನ್ನಿಸುತ್ತದೆ, ಪ್ರೇಕ್ಷಕನಿಗೆ ಅದು ಹಿಡಿಸುವುದಿಲ್ಲ, ನಮಗೆ ಬೇಕಿರುವುದೂ ಅದೇ.

ಟ್ರ್ಯಾಕ್ ಆ್ಯಂಡ್ ಟ್ರಾಲಿ ಇಲ್ಲದಿದ್ದರೆ ದಪ್ಪ ಕಂಬಳಿಯ ಮೇಲೆ ಟ್ರೈಪಾಡ್ ಇಟ್ಟು ಎಳೆದರೂ ಆಗುತ್ತದೆ, ನಯವಾದ ಗಾರೆ ನೆಲ ಇದಕ್ಕೆ ಚೆನ್ನ.

ಹೆಜ್ಜೆ 8: ತೋರಿಸುವ ಕ್ರಮವನ್ನು ಯಕ್ಷಗಾನದಿಂದ ಕಲಿಯಿರಿ

ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ತೆರೆ ಒಡ್ಡೋಲಗ (ತೆರೆಯ ಹಿಂದಿನಿಂದ ರಂಗಪ್ರವೇಶ) ನೋಡಿದವರಿಗೆ ವಿವರಿಸಬೇಕಿಲ್ಲ. ಇಬ್ಬರು ತೆರೆ ಹಿಡಿದಿರುತ್ತಾರೆ. ಚೆಂಡೆ ಏರುತ್ತದೆ. ಮೇಲೆ ಕಿರೀಟ ಅಲುಗುತ್ತದೆ, ಕೆಳಗೆ ಗೆಜ್ಜೆ ಕಟ್ಟಿದ ಕಾಲು, ಒಳಗಿನಿಂದ ಅಟ್ಟಹಾಸ. ಮುಖ ಕಾಣುವ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗಿನೊಳಗೆ. ‘ದೇವಿ ಮಹಾತ್ಮೆ’ಯಲ್ಲಿ ಮಹಿಷಾಸುರ ದೊಂದಿಗಳ ಬೆಳಕಿನಲ್ಲಿ ಪ್ರೇಕ್ಷಕರ ಹಿಂದಿನಿಂದ ಬರುವಾಗ ಎಲ್ಲರೂ ರಂಗಸ್ಥಳಕ್ಕೆ ಬೆನ್ನು ಹಾಕಿ ತಿರುಗಿ ಕೂರುತ್ತಾರೆ. ತುಂಡು ತುಂಡಾಗಿ, ಬೆಂಕಿಯ ಬೆಳಕಿನಲ್ಲಿ, ನಿರೀಕ್ಷೆ ಇಲ್ಲದ ದಿಕ್ಕಿನಿಂದ: ಈ ಕ್ರಮ ನಮ್ಮ ಕರಾವಳಿಯಲ್ಲಿ ಯಾವ ಸಿನಿಮಾ ಶಾಲೆಗಿಂತಲೂ ಹಳೆಯದು.

ನಮ್ಮ ದೃಶ್ಯದಲ್ಲಿ ತೆರೆಯ ಕೆಲಸವನ್ನು ಚಾವಣಿ ಮಾಡುತ್ತದೆ. ವೃತ್ತ ಪೂರ್ತಿ ಹರಡಿದ ಮೇಲೆ ಅದರ ಅಂಚಿನಲ್ಲಿ ಒಂದು ಕಪ್ಪು ಕಚ್ಚು ಮೂಡುತ್ತದೆ. ಅದರ ಪಕ್ಕ ಇನ್ನೊಂದು. ಹಗೇವಿನ ಬಾಯಿಯನ್ನು ಒಳಗಿನಿಂದ ಹಿಡಿದ ಒಂದೇ ಕೈಯ ಬೆರಳುಗಳ ನೆರಳು. ಪ್ರೇಕ್ಷಕ ಎಣಿಸುತ್ತಾನೆ. ನಾಲ್ಕು, ಐದು. ಆರನೆಯದು ಬಂದಾಗ ಅದು ಮನುಷ್ಯನಲ್ಲ ಅಂತ ಗೊತ್ತಾಗುತ್ತದೆ. ಗ್ರಾಫಿಕ್ಸ್ ಖರ್ಚು ಈ ತನಕ ಸೊನ್ನೆ. ರಟ್ಟಿನ ತೂತಿನ ಅಂಚಿಗೆ ಆರು ಪುಟ್ಟ ರಟ್ಟಿನ ಚೂರುಗಳನ್ನು ಒಂದೊಂದಾಗಿ ತಳ್ಳಿದರೆ ಸಾಕು. ಎಲ್ಲ ಒಂದೇ ಅಳತೆಯವಾಗದಿರಲಿ, ಒಂದೇ ಲಯದಲ್ಲೂ ಬೇಡ. ಮೂರು ಬೇಗ, ಒಂದು ತಡವಾಗಿ, ಆಮೇಲೆ ಎರಡು.

ಫೋಕಸ್ ಚಾವಣಿಗೆ ಹೋಗುವುದು ಈಗ, ಆರನೇ ಬೆರಳಿಗೆ. ಹುಡುಗಿ ಮಸುಕಾಗುತ್ತಾಳೆ, ಅವಳ ಕೈ ಹಗ್ಗದ ಮೇಲೆ ನಿಲ್ಲುತ್ತದೆ. ಹಗ್ಗ ಸಡಿಲವಾದದ್ದು ಅವಳ ಬೆರಳಿಗೆ ಗೊತ್ತಾಗಿದೆ. ಅಲ್ಲಿಗೆ ಮೊದಲ ಹಾಳೆಯ ಎರಡು ಸಾಲುಗಳು ಮತ್ತೆ ಒಂದಾದವು. ಇಲ್ಲಿ ಕಟ್ ಮಾಡಿ ಅವಳ ಮುಖಕ್ಕೆ ಬನ್ನಿ, ಈಗ ಅದಕ್ಕೆ ಬೀಳುವ ಬೆಳಕು ಅವಳು ತಿರುಗುತ್ತಿದ್ದಂತೆ ಹೊಂಬಣ್ಣಕ್ಕೆ ಬರುತ್ತದೆ. ಜೀವಿಯ ಪೂರ್ಣ ರೂಪ ತೋರಿಸಬೇಕೋ ಬೇಡವೋ ನಿಮ್ಮ ಕಥೆಗೆ ಬಿಟ್ಟದ್ದು. ನಾನಾದರೆ ಅವಳ ಮುಖದಲ್ಲಿ ಭಯ ಕರಗಿ ಬೆರಗು ಬರುವುದನ್ನು ಮೊದಲು ತೋರಿಸುತ್ತೇನೆ.

ಹೊಗೆ, ಕರೆಂಟು, ಜೋಪಾನ

ಹಗೇವಿನಿಂದ ಬೆಳಕಿನ ಕೋಲು ಕಾಣಬೇಕಾದರೆ ಗಾಳಿಯಲ್ಲಿ ಹೊಗೆ ಬೇಕು. ನಮ್ಮ ಮೈಸೂರಿನವರೇ ಆದ ವಿ.ಕೆ. ಮೂರ್ತಿ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ, 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ಸ್ಟುಡಿಯೋದೊಳಗೆ ಮೇಲಿಂದ ಬೀಳುವ ಬೆಳಕಿನ ಕೋಲನ್ನು ಕನ್ನಡಿಗಳಿಂದ ಸೂರ್ಯನ ಬೆಳಕು ತಿರುಗಿಸಿ ಮಾಡಿದರು. ಆ ಚಿತ್ರದ ‘ವಕ್ತ್ ನೇ ಕಿಯಾ’ ಹಾಡು ನೋಡಿದರೆ ಬೆಳಕಿಗೆ ಆಕಾರ ಬರುವುದು ಹೇಗೆ ಎಂದು ಒಂದೇ ಸಲಕ್ಕೆ ತಿಳಿಯುತ್ತದೆ. ನಮ್ಮಲ್ಲಿ ಹೊಗೆ ತೆಳುವಾಗಿ, ಸಮನಾಗಿ ಹರಡಿರಬೇಕು. ಹೊಗೆ ಬಿಟ್ಟು ಬಟ್ಟೆ ಬೀಸಿ, ಸುರುಳಿ ಕರಗುವ ತನಕ ಕಾದು ಟೇಕ್ ತೆಗೆದುಕೊಳ್ಳಿ. ಪ್ರತಿ ಟೇಕಿಗೂ ಅದೇ ಪ್ರಮಾಣ ಇರಲಿ, ಇಲ್ಲವಾದರೆ ಎಡಿಟಿಂಗ್‌ನಲ್ಲಿ ಹೊಗೆ ಬಂದುಹೋಗಿ ಮಾಡುತ್ತದೆ. ಧೂಪದ ಹೊಗೆ ಮುಚ್ಚಿದ ಕೋಣೆಯಲ್ಲಿ ಬೇಡ.

ಹಳೇ ಮನೆಯ ವೈರಿಂಗ್ ನಂಬಬೇಡಿ. 5 ಆ್ಯಂಪಿಯರ್ ಪ್ಲಗ್ ಪಾಯಿಂಟ್ 230 ವೋಲ್ಟಿನಲ್ಲಿ ತಡೆಯುವುದು 1150 ವ್ಯಾಟ್, ಅದೂ ವೈರು ಸರಿಯಿದ್ದರೆ. ಒಟ್ಟು ಲೋಡನ್ನು ಅದರ ಅರ್ಧದೊಳಗೆ ಇಡಿ. ಈ ದೃಶ್ಯಕ್ಕೆ ಎಲ್‌ಇಡಿಯಲ್ಲಿ ಅಷ್ಟು ಸಾಕು. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಆದ್ದರಿಂದ 24 ಫ್ರೇಮಿನಲ್ಲಿ ಶೂಟ್ ಮಾಡುವಾಗ ಶಟರ್ 1/50 ಇಟ್ಟರೆ ಅಗ್ಗದ ಲೈಟುಗಳ ಮಿಣುಕು ಬಹುತೇಕ ಕಾಣುವುದಿಲ್ಲ. ಡಿಮ್ ಮಾಡಿದಾಗ ಕೆಲವು ಮಿಣುಕುತ್ತವೆ, ಮೊದಲೇ ಪರೀಕ್ಷಿಸಿ. ಅಟ್ಟದ ಕೆಳಗೆ ನಿಜವಾದ ಬೆಂಕಿ ಹಚ್ಚಿದರೆ ಪಕ್ಕದಲ್ಲಿ ನೀರು, ಮರಳಿನ ಬಕೆಟ್ ಇರಲೇಬೇಕು.

ಎಡಿಟಿಂಗ್, ಗ್ರೇಡಿಂಗ್

ಹಗ್ಗ ಕಟ್ಟುವ ಶಾಟನ್ನು ಎಡಿಟ್ ಟೇಬಲ್ಲಿನಲ್ಲಿ ಕುಗ್ಗಿಸಲು ಎಲ್ಲರೂ ಹೇಳುತ್ತಾರೆ. ಇಪ್ಪತ್ತೈದು ಸೆಕೆಂಡು ಕಟ್ ಇಲ್ಲದ ಶಾಟ್ ಟೈಮ್‌ಲೈನಿನಲ್ಲಿ ಉದ್ದ ಕಾಣುತ್ತದೆ. ಬಿಡಿ, ಅಷ್ಟೇ ಇರಲಿ. ಆ ಹೊತ್ತಿನಲ್ಲಿ ಹಿನ್ನೆಲೆ ಸಂಗೀತ ಬೇಡ. ಹಗ್ಗ ಕಂಬಕ್ಕೆ ಉಜ್ಜುವ ಸದ್ದು, ಅವಳ ಉಸಿರು, ಸಾಕು. ಸಂಗೀತ ಬಂತೆಂದರೆ ಹುಡುಕುವ ಕೆಲಸ ಪ್ರೇಕ್ಷಕನ ಕೈತಪ್ಪಿ ಹೋಗುತ್ತದೆ.

ಗ್ರೇಡಿಂಗ್‌ನಲ್ಲಿ (ಬಣ್ಣ, ಹೊಳಪು ಹೊಂದಿಸುವ ಕೊನೆಯ ಹಂತ) ಕತ್ತಲನ್ನು ಎತ್ತಬೇಡಿ, ಪೂರ್ತಿ ಒತ್ತಲೂಬೇಡಿ. ಹೆಚ್ಚಿನವರು ನಿಮ್ಮ ಚಿತ್ರ ನೋಡುವುದು ಫೋನಿನಲ್ಲಿ, ಬಸ್ಸಿನಲ್ಲಿ ಕೂತು. ಕಂಪ್ರೆಶನ್ನಿನಲ್ಲಿ ಮೊದಲು ಹಾಳಾಗುವುದೇ ಕತ್ತಲಿನ ನಯವಾದ ಏರಿಳಿತ, ವೃತ್ತದ ಸುತ್ತ ಪಟ್ಟೆ ಪಟ್ಟೆ ಬೀಳುತ್ತದೆ. ತೆಳುವಾಗಿ ಗ್ರೇನ್ (ಹಳೆಯ ಫಿಲ್ಮಿನಲ್ಲಿ ಕಾಣುವಂಥ ಸಣ್ಣ ಕಣಗಳು) ಸೇರಿಸಿದರೆ ಪಟ್ಟೆ ಒಡೆಯುತ್ತದೆ. ಗ್ರೇಡ್ ಮುಗಿದ ಮೇಲೆ ಅಪ್‌ಲೋಡ್ ಮಾಡಿದ ಪ್ರತಿಯನ್ನೇ, ಅರ್ಧ ಬ್ರೈಟ್‌ನೆಸ್ ಇಟ್ಟ ಸಾಧಾರಣ ಫೋನಿನಲ್ಲಿ ನೋಡಿ.

ಕೊನೆಗೆ ಕಥೆ ಗೊತ್ತಿಲ್ಲದ ನಾಲ್ಕೈದು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ ದೃಶ್ಯ ತೋರಿಸಿ. ಏನೂ ಹೇಳಬೇಡಿ, ಬೆಳಕು ದೊಡ್ಡದಾಗುತ್ತಿದೆ ಅಂತ ಯಾವಾಗ ಅನ್ನಿಸಿತೋ ಆಗ ಕೈ ಎತ್ತಿ ಎಂದಷ್ಟೇ ಆಮೇಲೆ ಎರಡನೇ ಸಲ ತೋರಿಸುವಾಗ ಕೇಳಿ. ಮೊದಲ ಸಲ ನೋಡುವಾಗ ಅವರ ಕಣ್ಣು ಚಾವಣಿಗೆ ಹೋದ ಹೊತ್ತನ್ನು ನೀವೇ ಗುರುತು ಹಾಕಿಕೊಳ್ಳಿ. ಎಲ್ಲರೂ ಆರಂಭದಲ್ಲೇ ಕಂಡುಹಿಡಿದರೆ ಬಲ್ಬ್ ಏರುವ ವೇಗ ಹೆಚ್ಚಾಗಿದೆ. ಕೂದಲಿಗೆ ಬೆಳಕು ತಾಗಿದ ಮೇಲೂ ಯಾರೂ ಗಮನಿಸದಿದ್ದರೆ ಚಂದ್ರ ಜೋರಾಗಿದ್ದಾನೆ, ಅರ್ಧ ಸ್ಟಾಪ್ ಇಳಿಸಿ ಆ ಶಾಟನ್ನು ಮತ್ತೆ ತೆಗೆಯಿರಿ. ಒಂದೇ ಶಾಟ್, ಒಬ್ಬಳೇ ನಟಿ, ಒಂದು ಸಂಜೆಯ ಕೆಲಸ. ರಟ್ಟು, ಬಲ್ಬು, ಜೆಲ್‌ಗಳನ್ನು ಆ ತನಕ ಎಸೆಯದೆ ಎತ್ತಿಟ್ಟುಕೊಳ್ಳಿ.